ಡಬ್ಬಿಯೊಳಗಿನ ನೀರು

ಬಾವಿಗೆ ಇಳಿಯುವ ಮೊದಲು ತಾಯವ್ವ ಪಂಪಿನ ಕೋಣೆಯ ಬಾಗಿಲು ತೆರೆದು ಮೇನ್ ಸ್ವಿಚ್ಚು ಇಳಿಸುತ್ತಾರೆ. ಮೂರೂ ಫ್ಯೂಜ್ ಕಿತ್ತು ಬುತ್ತಿಯ ಚೀಲದಲ್ಲಿ ಹಾಕಿ, ಚೀಲವನ್ನು ಬೇವಿನ ಟೊಂಗೆಗೆ ತೂಗುಬಿಡುತ್ತಾರೆ. ಆಮೇಲೆ ಬಾಯಲ್ಲಿ ಎರಡು ಬೆರಳಿಟ್ಟು ಸಿಳ್ಳೆ ಹಾಕುತ್ತಾರೆ. ಕಬ್ಬಿನ ಬದುವಿನ ಮೇಲೆ ಕಾಯುತ್ತಿರುವ ಹೆಂಗಸರು ಆ ಸಿಳ್ಳೆ ಕೇಳಿದ ಮೇಲೆಯೇ ಮೆಟ್ಟಿಲು ಇಳಿಯಬೇಕು. ಅದಕ್ಕೂ ಮೊದಲು ನೀರು ಮುಟ್ಟಿದವರಿಗೆ ಅಂದು ಪಾಠವಿಲ್ಲ.

ಬನಹಟ್ಟಿಯಿಂದ ತೇರದಾಳಕ್ಕೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ, ಅಣ್ಣಾಸಾಹೇಬ ಎಂಬ ರೈತರ ಕಬ್ಬಿನ ನಡುವೆ ಈ ಕಲ್ಲು ಕಟ್ಟಿದ ಬಾವಿ ಇದೆ. ಬೇಸಿಗೆಯ ಮುಂಜಾನೆ ಅಲ್ಲಿ ಗಂಡುಹುಡುಗರು ದಂಡೆಯಿಂದ ಹಾರುತ್ತಾರೆ. ಮೂರು ಫೇಸ್ ಕರೆಂಟು ಹೋಗಿ ಮೋಟಾರು ನಿಂತ ಮೇಲಿನ ಹೊತ್ತು ಮಾತ್ರ ಈ ವರ್ಷ ಹೆಂಗಸರ ಪಾಲಿಗೆ ಬಂದಿದೆ.

ಆ ಗುರುವಾರ ಮೊದಲು ಇಳಿದವಳು ಉಜ್ವಲಾ. ಬಾವಿಯ ಒಡೆಯರ ಮೊಮ್ಮಗಳು, ಡಿಗ್ರಿ ಓದುತ್ತಾಳೆ. ಬೆನ್ನಿಗೆ ಏನೂ ಕಟ್ಟಿಕೊಳ್ಳದೆ ಮೇಲಿನ ಮೆಟ್ಟಿಲಿಂದಲೇ ಹಾರಿ, ಬಾವಿಯಲ್ಲಿ ಸುತ್ತು ಹೊಡೆದು, ಗೋಡೆಯ ಪಾರಿವಾಳಗಳನ್ನೆಲ್ಲ ಎಬ್ಬಿಸಿದಳು. ಅವಳ ಹಿಂದೆ ದಾನಮ್ಮ. ನೇಕಾರರ ಓಣಿಯ ಈ ಗೃಹಿಣಿ ಮೂಗು ಹಿಡಿದುಕೊಂಡು, ಶಿವ ಶಿವ ಎನ್ನುತ್ತ ಬಿದ್ದು, ಎಮ್ಮೆಯಂತೆ ನಿಧಾನವಾಗಿ ಆಚೆ ಗೋಡೆ ಮುಟ್ಟಿ ಬಂದರು. ಕೊನೆಗೆ ಉಳಿದವಳು ಅಂಜನಾ.

ಅಂಜನಾ ಹಾರುವುದಿಲ್ಲ. ಮೆಟ್ಟಿಲ ಸಾಲಿನ ಕೊನೆಗೆ, ಸೊಂಟದ ಮಟ್ಟದ ನೀರಿನೊಳಗೆ ಒಂದು ಅಗಲ ಹಾಸುಗಲ್ಲು ಇದೆ. ಅದರ ಮೇಲೆ ನಿಂತು, ಕಣ್ಣು ಮುಚ್ಚಿ, ಬೆನ್ನು ತಿರುಗಿಸುತ್ತಾಳೆ. ತಾಯವ್ವ ನೀರಿನೊಳಗಿಂದಲೇ ಐದು ಲೀಟರಿನ ಎಣ್ಣೆ ಡಬ್ಬಿಯನ್ನು ಹಳೆ ಸೀರೆಯ ಅಂಚಿನಿಂದ ಅವಳ ಬೆನ್ನಿಗೆ ಬಿಗಿಯುತ್ತಾರೆ. ಗುರುವಾರವೂ ಹಾಗೆಯೇ ಆಯಿತು. ಅಂಜನಾ ಕೈ ಚಾಚಿದಳು, ಕಾಲು ಬಡಿದಳು, ಆಚೆ ಗೋಡೆ ಮುಟ್ಟಿ ತಿರುಗಿ ಬಂದಳು. ಏದುಸಿರು ಕೂಡ ಇರಲಿಲ್ಲ.

“ಡಬ್ಬಿ ಛಲೋ ಐತ್ರಿ ಅಕ್ಕಾರ, ಅದಕ್ಕ ಉಳಕೊಂಡೆ,” ಎಂದಳು.

ತಾಯವ್ವ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಗು ಬಂದಿತ್ತು.

ಆ ಡಬ್ಬಿಯ ತುಂಬ ನೀರಿತ್ತು. ಮೊದಮೊದಲು ಅದು ಖಾಲಿ ಇತ್ತು, ಮುಚ್ಚಳ ಬಿಗಿಯಾಗಿತ್ತು, ಅಂಜನಾಳನ್ನು ಬೆಂಡಿನಂತೆ ಮೇಲೆ ಹಿಡಿದಿತ್ತು. ಆಮೇಲೆ ಎರಡು ದಿನಕ್ಕೋ ಮೂರು ದಿನಕ್ಕೋ ಒಮ್ಮೆ ತಾಯವ್ವ ಅದರೊಳಗೆ ಒಂದು ಚರಿಗೆ ನೀರು ಸೇರಿಸುತ್ತ ಬಂದರು. ಡಬ್ಬಿ ಎತ್ತುವುದು ಕಡಿಮೆಯಾದಂತೆ ಅಂಜನಾಳ ಕೈಕಾಲು ಹೆಚ್ಚು ದುಡಿಯತೊಡಗಿದವು. ನೀರಿನೊಳಗೆ ಕಟ್ಟಿ ನೀರಿನೊಳಗೇ ಬಿಚ್ಚುವುದರಿಂದ ಡಬ್ಬಿಯ ಭಾರ ಅವಳಿಗೆ ತಿಳಿಯಲಿಲ್ಲ. ಡಬ್ಬಿಯನ್ನು ಶಿಷ್ಯೆಯರು ಮುಟ್ಟಬಾರದು ಎಂಬುದು ತಾಯವ್ವನ ಎರಡನೆಯ ಕಟ್ಟಳೆ. ಹೀಗೆ ಕೆಲವು ದಿನಗಳಿಂದ ಅಂಜನಾ ತನ್ನಷ್ಟಕ್ಕೆ ತಾನೇ ಈಜುತ್ತಿದ್ದಳು. ಅದು ಬಾವಿಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು.

ಭಾನುವಾರ ಅವಳು ಡಬ್ಬಿ ಇಲ್ಲದೆ ಈಜಬೇಕಿತ್ತು. ತಾಯವ್ವ ಹಾಗೆಂದು ಚರ್ಚಿನಲ್ಲಿ ಎಲ್ಲರೆದುರು ಮಾತು ಕೊಟ್ಟಿದ್ದರು.

ತಾಯವ್ವನಿಗೆ ಐವತ್ತು ದಾಟಿದೆ. ಬನಹಟ್ಟಿಯ ಮನೆಯಲ್ಲಿ ಗಂಡ ಪರಮಾನಂದ ಪವರ್‌ಲೂಮ್ ನಡೆಸುತ್ತಾರೆ, ಇವರು ಕಂಡಿಕೆ ಸುತ್ತುತ್ತಾರೆ. ಲಾಳಿಯೊಳಗೆ ಕೂರುವ ಆ ಸಣ್ಣ ಕಡ್ಡಿಗಳಿಗೆ ನೂಲು ಸುತ್ತುವ ಕೆಲಸದಲ್ಲಿ ಅವರ ಬೆಳಗು ಕಳೆಯುತ್ತದೆ. ಅವರ ತವರು ಹಿಪ್ಪರಗಿ. ತಂದೆ ಲಗಮಪ್ಪ ಕೃಷ್ಣೆಯಲ್ಲಿ ದೋಣಿ ಹಾಕುತ್ತಿದ್ದರು. ಭಾನುವಾರ ಆಚೆ ದಂಡೆಯ ಒಂದು ಮನೆಯಲ್ಲಿ ಪ್ರಾರ್ಥನೆ ಕೂಡುತ್ತಿತ್ತು. ಅಲ್ಲಿಗೆ ಜನರನ್ನು ದಾಟಿಸಿ, ಅವರು ಹಾಡಿ ಮುಗಿಸುವವರೆಗೆ ದೋಣಿಯಲ್ಲಿ ಕಾಯುತ್ತಿದ್ದ ಲಗಮಪ್ಪ, ಒಂದು ಮಳೆಗಾಲದಲ್ಲಿ ನೆನೆಯುವುದು ಬೇಡವೆಂದು ಜಗಲಿಗೆ ಬಂದು ಕೂತರು. ಮುಂದಿನ ವರ್ಷ ಒಳಗೆ ಕೂತರು. ಅವರ ಮನೆ ಕ್ರೈಸ್ತರದಾದದ್ದು ಹೀಗೆ.

ದೋಣಿಯವನ ಮಕ್ಕಳಿಗೆ ಈಜು ಬರಲೇಬೇಕು ಎಂಬುದು ಲಗಮಪ್ಪನ ಹಟ. ಹೆಣ್ಣು ಗಂಡು ಎಂಬ ಭೇದವಿರಲಿಲ್ಲ. ತಾಯವ್ವ ತಗಡಿನ ಡಬ್ಬಿ ಕಟ್ಟಿಕೊಂಡು ಕಲಿತರು, ಮತ್ತು ತುಂಬು ಹೊಳೆಯಲ್ಲಿ ಅಣ್ಣಂದಿರನ್ನು ಹಿಂದೆ ಹಾಕುವಷ್ಟು ಕಲಿತರು. ಮದುವೆಯಾಗಿ ಬನಹಟ್ಟಿಗೆ ಬಂದರು. ಇಲ್ಲಿ ಹೊಳೆಯಿಲ್ಲ. ಸೊಸೆಗೆ ಈಜು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಕ್ಕಳು ಹುಟ್ಟಿ ಬೆಳೆದರು. ಪರಮಾನಂದರಿಗೂ ತಿಳಿದಿರಲಿಲ್ಲ.

ತಿಳಿದದ್ದು ಹೋದ ದೀಪಾವಳಿಯ ಆಸುಪಾಸಿನಲ್ಲಿ. ಓಣಿಯ ಹೆಂಗಸರು ಹೊದೆಯುವ ಕೌದಿ ಒಗೆಯಲು ಕಾಲುವೆಗೆ ಹೋಗಿದ್ದರು. ಕಂಡಿಕೆಯ ಕೆಲಸದಲ್ಲಿ ತಾಯವ್ವನ ಜೊತೆಗಾತಿಯಾದ ಅಂಜನಾ, ನೆನೆದ ಕೌದಿ ಎಳೆಯುವಾಗ ಪಾಚಿಯ ಮೇಲೆ ಜಾರಿದಳು. ಕೌದಿ ಅವಳ ಕೈಗೆ ಸುತ್ತಿಕೊಂಡಿತ್ತು. ಕಾಲುವೆ ತುಂಬಿ ಹರಿಯುತ್ತಿತ್ತು. ದಂಡೆಯ ಮೇಲಿದ್ದವರು ಕೂಗುತ್ತ ಓಡುತ್ತಿರುವಾಗ ತಾಯವ್ವ ಕಚ್ಚೆ ಹಾಕಿ ಧುಮುಕಿದರು. ಸೇತುವೆಯ ಕಂಬಕ್ಕೆ ಬಡಿಯುವ ಮೊದಲು ಅಂಜನಾಳ ಜಡೆ ಹಿಡಿದು ದಂಡೆಗೆ ತಂದರು. ಕೌದಿಯನ್ನೂ ಬಿಡಲಿಲ್ಲ.

ಸಂಜೆ ಪರಮಾನಂದರು ಲೂಮ್ ನಿಲ್ಲಿಸಿ ಬಂದು ಹೆಂಡತಿಯ ಮುಂದೆ ಕೂತರಂತೆ.

“ಇಷ್ಟ ವರ್ಷ ಮೀನಿನ ಜೋಡಿ ಸಂಸಾರ ಮಾಡೇನಿ, ನನಗ ಗೊತ್ತಾಗಿಲ್ಲ ನೋಡು.”

“ನೀವು ಹೊಳಿ ತೋರಿಸಿದ್ರ ಗೊತ್ತಾಗತಿತ್ತು,” ಎಂದರಂತೆ ತಾಯವ್ವ.

ಇವರು ಹೋಗುವ ಚರ್ಚು ಚಿಕ್ಕದು. ಅಲ್ಲೊಂದು ರೂಢಿಯಿದೆ. ಈಸ್ಟರ್ ದಿನ ಆರಾಧನೆಯ ಕೊನೆಗೆ ಪ್ರತಿಯೊಬ್ಬರೂ ಎದ್ದು ನಿಂತು, ದೇವರು ತಮಗೆ ಕೊಟ್ಟ ವರ ಯಾವುದು, ಅದರಿಂದ ಏನು ಬೆಳೆದು ತರುತ್ತೇವೆ ಎಂದು ನುಡಿಯಬೇಕು. ತಂದು ಒಪ್ಪಿಸುವುದು ಏಳು ವಾರದ ನಂತರ ಬರುವ ಪಂಚಾಶತ್ತಮ ಹಬ್ಬದಂದು. ಒಬ್ಬರ ವರವನ್ನು ಇನ್ನೊಬ್ಬರು ಹೇಳುವಂತಿಲ್ಲ. ಗಂಡನದನ್ನು ಹೆಂಡತಿಯೂ ಹೇಳುವಂತಿಲ್ಲ. ನೇಯುವವರು ಒಂದು ಸೀರೆ ನುಡಿಯುತ್ತಾರೆ, ಹೊಲವಿದ್ದವರು ಬೆಲ್ಲವೋ ಗೋವಿನಜೋಳವೋ ನುಡಿಯುತ್ತಾರೆ. ತಾಯವ್ವ ಮದುವೆಯಾಗಿ ಬಂದಾಗಿನಿಂದ ಎರಡು ತೆಂಗಿನಕಾಯಿ ಎನ್ನುತ್ತಿದ್ದರು. ಅವರ ಮನೆಯಲ್ಲಿ ತೆಂಗಿನ ಗಿಡವಿಲ್ಲ. ಸಂತೆಯಿಂದ ಕೊಂಡು ಇಡುತ್ತಿದ್ದರು.

ಈ ಈಸ್ಟರ್‌ನಲ್ಲಿ ಅಯ್ಯನವರು, ಎಂದರೆ ಚರ್ಚಿನ ಪಾಸ್ಟರು, ಯಜಮಾನ ಬೆಳೆಸಲೆಂದು ಕೊಟ್ಟ ತಲಾಂತನ್ನು, ಎಂದರೆ ಹಣವನ್ನು, ನೆಲದಲ್ಲಿ ಹೂತಿಟ್ಟ ಆಳಿನ ಕಥೆಯನ್ನು ಹೇಳಿದರು. ಆ ಆಳು ಕದಿಯಲಿಲ್ಲ, ಕುಡಿದು ಕಳೆಯಲಿಲ್ಲ, ಜೋಪಾನವಾಗಿಯೇ ಇಟ್ಟಿದ್ದ. ಯಜಮಾನನಿಗೆ ಸಿಟ್ಟು ಬಂದದ್ದು ಆ ಜೋಪಾನಕ್ಕೇ ಎಂದರು. ತಾಯವ್ವನ ಸರದಿ ಬಂತು. ಪಕ್ಕದಲ್ಲಿ ಕೂತಿದ್ದ ಅಂಜನಾಳಿಗೆ ತಡೆಯಲಾಗಲಿಲ್ಲ. ಹೇಳುವಂತಿಲ್ಲವಲ್ಲ, ಅದಕ್ಕೆ ಕೆಮ್ಮಿದಳು. ಮೊಣಕೈಯಿಂದ ತಿವಿದಳು. ಕಾಲುವೆಯ ಸುದ್ದಿ ಬಲ್ಲ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಕೆಮ್ಮತೊಡಗಿದರು. ಕಿಟಕಿ ತೆಗೆಯಲೇ ಎಂದು ಅಯ್ಯನವರು ಕೇಳಿದರು.

ತಾಯವ್ವ ನಿಂತರು. “ನನಗ ಈಜು ಬರತೈತ್ರಿ. ತೆಂಗಿನಕಾಯಿ ಬ್ಯಾಡ. ಈ ಅಂಜನಾಗ ಈಜು ಕಲಿಸಿ ಹಬ್ಬಕ್ಕ ತರತೇನಿ.”

ಕೆಮ್ಮು ನಿಂತಿತು. ಅಂಜನಾ ಮಾತ್ರ ಕುಸಿದು ಕೂತಳು. ಕಾಲುವೆಯಲ್ಲಿ ಜಾರಿದ ದಿನದಿಂದ ಅವಳು ಬಚ್ಚಲ ಹಂಡೆಯ ನೀರಿಗೂ ಬಗ್ಗಿ ನೋಡುತ್ತಿರಲಿಲ್ಲ. ಬಟ್ಟೆ ಒಗೆಯಲು ಮತ್ತೆ ಅದೇ ಕಾಲುವೆಗೆ ಹೋಗಲೇಬೇಕು, ಹೋದಾಗೆಲ್ಲ ದಂಡೆಯ ಮೇಲೆಯೇ ಕೂತು ಇನ್ನೊಬ್ಬರಿಂದ ನೀರು ಮೊಗೆಸಿಕೊಳ್ಳುತ್ತಿದ್ದಳು. ಅದು ತಾಯವ್ವನಿಗೆ ಗೊತ್ತಿತ್ತು. ಅವಳ ಹೆಸರನ್ನೇ ನುಡಿದದ್ದು ಅದಕ್ಕೆ.

ಬಾವಿ ಕೇಳಲು ತಾಯವ್ವ ಗಂಡನ ಮೊಪೆಡ್ ಹಿಂದೆ ಕೂತು ಅಣ್ಣಾಸಾಹೇಬರ ಹೊಲಕ್ಕೆ ಹೋದರು. ಜೈನರಾದ ಅಣ್ಣಾಸಾಹೇಬರು ವಿಷಯ ಕೇಳಿ ದಂಡೆಯವರೆಗೆ ನಡೆದು ಬಾವಿಯೊಳಗೆ ಬಗ್ಗಿ ನೋಡಿದರು. ನಿಮ್ಮ ಹಬ್ಬಕ್ಕೆ ನಮ್ಮ ಬಾವಿ ಯಾಕೆ ಎನ್ನಬಹುದೆಂದು ಪರಮಾನಂದರು ಉತ್ತರ ತಯಾರು ಮಾಡಿಕೊಂಡು ಬಂದಿದ್ದರು. ಅದು ಬೇಕಾಗಲಿಲ್ಲ. ಮೀನು ಹಿಡಿಯಬಾರದು, ಮೊಮ್ಮಗಳು ಉಜ್ವಲಾಗೂ ಕಲಿಸಬೇಕು, ಇಷ್ಟೇ ಅವರ ಷರತ್ತು. ದಾನಮ್ಮ ಸುದ್ದಿ ಕೇಳಿ ತಾವಾಗಿ ಬಂದರು. ಬೊಜ್ಜು ಇಳಿಯುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು.

ಮೊದಲ ವಾರ ಅಂಜನಾ ಹಾಸುಗಲ್ಲು ಬಿಟ್ಟು ಕದಲಲಿಲ್ಲ. ಎರಡನೆಯ ವಾರ ತಾಯವ್ವನ ಕುತ್ತಿಗೆ ಬಿಡಲಿಲ್ಲ. ಉಜ್ವಲಾ ಡಬ್ಬಿ ಬಿಟ್ಟು ಈಜಿದ ದಿನ ಅಂಜನಾ ಮನೆಗೆ ಹೋಗಿ, ನನ್ನ ಬದಲು ಅವಳನ್ನೇ ತೋರಿಸಿಬಿಡಿ ಎಂದು ಹೇಳಿಕಳಿಸಿದಳು. ನಾನು ನುಡಿದ ಹೆಸರು ಉಜ್ವಲಾ ಅಲ್ಲ ಎಂದು ತಾಯವ್ವ ತಿರುಗಿ ಹೇಳಿಕಳಿಸಿದರು. ಮರುದಿನ ಅಂಜನಾ ಬಂದಳು. ಡಬ್ಬಿಗೆ ಮೊದಲ ಚರಿಗೆ ನೀರು ಬಿದ್ದದ್ದು ಅಂದೇ.

ಹಬ್ಬದ ಹಿಂದಿನ ದಿನದವರೆಗೆ ಎಲ್ಲ ಸರಿಯಾಗಿತ್ತು. ಶನಿವಾರ ಅಣ್ಣಾಸಾಹೇಬರು ಒಂದು ಒಳ್ಳೆಯ ಕೆಲಸ ಮಾಡಿದರು. ಭಾನುವಾರ ಇಷ್ಟೊಂದು ಜನ ಪ್ರಾರ್ಥನೆ ಮಾಡಿ ಬರುತ್ತಾರೆ, ಅಂದು ಮೋಟಾರಿನ ಸದ್ದೇ ಬೇಡ ಎಂದುಕೊಂಡು, ಎರಡು ದಿನದ ನೀರನ್ನು ಒಂದೇ ದಿನ ಕಬ್ಬಿಗೆ ಹಾಯಿಸಿದರು. ಮೂರು ಫೇಸ್ ಇರುವಷ್ಟು ಹೊತ್ತೂ ಪಂಪು ಓಡಿತು. ಅಂದು ಪಾಠಕ್ಕೆ ರಜೆ ಇದ್ದುದರಿಂದ ಬಾವಿಯನ್ನು ಯಾರೂ ನೋಡಲಿಲ್ಲ.

ಭಾನುವಾರ ಚರ್ಚಿನ ಮೇಜಿನ ಮೇಲೆ ಬೆಲ್ಲದ ಪೆಂಟೆ, ಮಡಿಸಿದ ಸೀರೆ, ಗೋವಿನಜೋಳದ ತೆನೆ, ಒಂದು ಜೀವಂತ ಹುಂಜ, ಯಾರೋ ಹೊಸದಾಗಿ ಕಲಿತು ಸುಟ್ಟ ಕೇಕು ಇದ್ದವು. ಅಯ್ಯನವರು ತಾಯವ್ವನ ಹೆಸರು ಕರೆದು, ಇವರ ಫಲ ಬಾವಿಯಲ್ಲಿದೆ ಎಂದರು. ಸಭೆ ಎದ್ದಿತು. ಬೈಕು, ಆಟೊ, ಒಂದು ಟ್ರ್ಯಾಕ್ಟರು ಸೇರಿ ತೇರದಾಳ ರಸ್ತೆಯಲ್ಲಿ ಮದುವೆಯ ದಿಬ್ಬಣದಂತೆ ಹೊರಟವು. ಹುಂಜವನ್ನು ಬಿಟ್ಟು ಬರಲು ಆಗಲಿಲ್ಲ, ಅದೂ ಟ್ರ್ಯಾಕ್ಟರಿನಲ್ಲಿತ್ತು.

ಗಂಡಸರು ಬೇವಿನ ಗಿಡದ ಕೆಳಗೆ, ಬಾವಿಗೆ ಬೆನ್ನು ಮಾಡಿ ನಿಲ್ಲಬೇಕು ಎಂದು ಮೊದಲೇ ತೀರ್ಮಾನವಾಗಿತ್ತು. ಅಯ್ಯನವರೂ ಕಬ್ಬಿನ ಕಡೆ ಮುಖ ಮಾಡಿ ನಿಂತರು. ಹೆಂಗಸರು ದಂಡೆಯ ಸುತ್ತ ಕೂತರು. ತಾಯವ್ವ ಫ್ಯೂಜ್ ಕಿತ್ತರು, ಸಿಳ್ಳೆ ಹಾಕಿದರು, ಮೆಟ್ಟಿಲು ಇಳಿದರು. ಅರ್ಧ ಇಳಿದವರು ನಿಂತುಬಿಟ್ಟರು.

ನೀರು ಕೆಳಗೆ ಹೋಗಿತ್ತು. ಹಾಸುಗಲ್ಲು, ಅದರ ಮೂಲೆಯಲ್ಲಿ ನೀರಿನೊಳಗೇ ಬಿಟ್ಟಿದ್ದ ಡಬ್ಬಿಯ ಸಮೇತ, ಒಣಗಿ ನಿಂತಿತ್ತು. ಅದರಾಚೆ ಸೀದಾ ಆಳ.

ಉಜ್ವಲಾ ಹಾರಿದಳು. ದಾನಮ್ಮ ಬಿದ್ದರು. ದಂಡೆಯ ಮೇಲೆ ಚಪ್ಪಾಳೆ. ಗಿಡದ ಕೆಳಗಿಂದ ಪರಮಾನಂದರು, ಈಗ ಬಿದ್ದದ್ದು ಯಾರು, ಸದ್ದು ಬಹಳ ದೊಡ್ಡದಾಯಿತು ಎಂದು ಕೇಳಿದರು. ದಾನಮ್ಮ ನೀರಿನೊಳಗಿಂದಲೇ ಅವರಿಗೆ ತಕ್ಕ ಉತ್ತರ ಕೊಟ್ಟರು.

ಅಂಜನಾ ಒಣ ಹಾಸುಗಲ್ಲಿನ ಮೇಲೆ ಬಂದು ನಿಂತಳು. ಕೆಳಗೆ ನೋಡಿದಳು. ಇಷ್ಟು ದಿನ ಅವಳ ಪಾದಕ್ಕೆ ಸಿಗುತ್ತಿದ್ದ ಕಲ್ಲು ಈಗ ನೀರಿನಲ್ಲಿ ಇರಲಿಲ್ಲ.

“ಒಂದ್ಸಲ ಡಬ್ಬಿ ಕಟ್ರಿ ಅಕ್ಕಾರ. ಅದನ್ನ ಕಟಗೊಂಡು ಒಂದ ಸುತ್ತ ಬರತೇನಿ, ಆಮ್ಯಾಲ ಇಲ್ಲದ ಬೀಳತೇನಿ.”

ಕೇಳಿದ್ದು ತಪ್ಪಲ್ಲ. ಆದರೆ ತುಂಬಿದ ಡಬ್ಬಿಯನ್ನು ಒಣಗಲ್ಲಿನ ಮೇಲೆ ಕಟ್ಟುವುದು ಹೇಗೆ? ಮರೆಯಲ್ಲಿ ನೀರು ಚೆಲ್ಲಿ ಖಾಲಿ ಡಬ್ಬಿ ಕಟ್ಟಿದರೆ ಅಂಜನಾ ಮತ್ತೆ ಮೊದಲ ವಾರದ ಅಂಜನಾ ಆಗುತ್ತಾಳೆ, ಅದನ್ನು ಬಿಡುವುದೇ ಇಲ್ಲ. ತಾನಾಗಿ ಒಮ್ಮೆ ಈಜುವವರೆಗೆ ಡಬ್ಬಿಯ ಗುಟ್ಟು ಬಿಡಬಾರದು, ಬಿಟ್ಟರೆ ನಂಬಿಕೆ ಒಡೆಯುತ್ತದೆ ಎಂದು ಲಗಮಪ್ಪ ಹೇಳಿದ್ದರು. ತಾಯವ್ವ ಡಬ್ಬಿಯನ್ನು ಕಾಲಿನಿಂದ ಗೋಡೆಯ ಕಡೆ ಸರಿಸಿದರು.

ತಡವಾಯಿತೆಂದು ಅಂಜನಾ ತಾನೇ ಬಗ್ಗಿ ಒಂದು ಕೈಯಿಂದ ಡಬ್ಬಿ ಎತ್ತಲು ಹೋದಳು. ಸುಲಭಕ್ಕೆ ಏಳಲಿಲ್ಲ. ಎರಡೂ ಕೈ ಹಾಕಿ ಎತ್ತಿದಳು.

“ಇದರಾಗ ಏನೈತ್ರಿ?”

“ನೀರು.”

“ಯಾವಾಗಿಂದ?”

“ಸ್ವಲ್ಪ ಸ್ವಲ್ಪ ಮೊದಲಿಂದ. ಪೂರ್ತಿ ಅಂದ್ರ, ಹ್ವಾದ ಸೋಮವಾರದಿಂದ.”

ಅಂಜನಾ ಡಬ್ಬಿಯನ್ನು ಕೆಳಗಿಟ್ಟು ಕಲ್ಲಿನ ಮೇಲೆ ಕೂತುಬಿಟ್ಟಳು. ಅವಳ ಮುಖ ಕೆಂಪಾಗಿತ್ತು.

“ನಾ ದಿನಾ ಮುಂಜಾನೆ ಈ ಡಬ್ಬಿ ಸಲುವಾಗಿ ದೇವರಿಗೆ ಸ್ತೋತ್ರ ಹೇಳತಿದ್ದೆ ಅಕ್ಕಾರ. ನೀವು ಒಂದ ಮಾತ ಹೇಳಲಿಲ್ಲ.”

“ನಮ್ಮಪ್ಪನೂ ನನಗ ಹೇಳಿದ್ದಿಲ್ಲ ಬೇ. ಗೊತ್ತಾದ ದಿನ ಅವನ ಜೋಡಿ ಊಟಾ ಬಿಟ್ಟಿದ್ದೆ. ನೀ ನನ್ನ ಜೋಡಿ ಮಾತ ಬಿಡು, ನಡೀತೈತಿ. ಆದ್ರ ಸೋಮವಾರದಿಂದ ನಿನ್ನ ಯಾರೂ ಹಿಡದಿಲ್ಲ. ಈ ಡಬ್ಬಿನೂ ಹಿಡದಿಲ್ಲ, ನಾನೂ ಹಿಡದಿಲ್ಲ. ಕೈ ನಿನ್ನವು, ಕಾಲು ನಿನ್ನವು.”

ಗಿಡದ ಕೆಳಗಿಂದ ಅಯ್ಯನವರು, ಕಬ್ಬಿನ ಕಡೆ ನೋಡುತ್ತಲೇ, ಬಿದ್ದಳೇನ್ರಿ ಎಂದು ಕೇಳಿದರು.

ಅಂಜನಾ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮುಚ್ಚಳ ತಿರುಗಿಸಿ ತೆಗೆದು, ಡಬ್ಬಿಯನ್ನು ಬೋರಲು ಹಾಕಿದಳು. ನೀರು ಗುಳುಗುಳು ಎಂದು ಕಲ್ಲಿನ ಮೇಲೆ ಸುರಿಯಿತು. ಬಾವಿಯ ಗೋಡೆಗೆ ಆ ಸದ್ದು ಬಡಿದು ದೊಡ್ಡದಾಗಿ ಕೇಳುತ್ತಿತ್ತು. ಸುರಿಯುತ್ತಲೇ ಇತ್ತು. ಇಷ್ಟೆಲ್ಲ ನೀರು ಹೊತ್ತು ತಾನು ಈಜಿದ್ದೆನೆಂದು ಅವಳು ಅಳೆದುಕೊಳ್ಳುತ್ತಿದ್ದಂತೆ ಕಂಡಿತು. ಕೊನೆಯ ಹನಿ ಬಿದ್ದ ಮೇಲೆ ಮುಚ್ಚಳ ಬಿಗಿದು, ಖಾಲಿ ಡಬ್ಬಿಯನ್ನು ಬಾವಿಯ ನಟ್ಟನಡುವೆ ಎಸೆದಳು. ಅದು ಬಾತುಕೋಳಿಯಂತೆ ತೇಲಿತು.

ಎದ್ದು ನಿಂತಳು. ಮೂಗು ಹಿಡಿದುಕೊಳ್ಳಲಿಲ್ಲ, ಕಣ್ಣು ಮುಚ್ಚಲಿಲ್ಲ. ಹಾರಿದಳು.

ನೀರು ದಂಡೆಯವರೆಗೆ ಸಿಡಿಯಿತು. ಗಂಡಸರ ಬೆನ್ನುಗಳು ಒಟ್ಟಿಗೆ ನೆಟ್ಟಗಾದವು. ಬಾವಿಯ ಮೇಲ್ಮೈ ಒಂದು ಕ್ಷಣ ಖಾಲಿ ಇತ್ತು. ತಾಯವ್ವ ಕಚ್ಚೆ ಬಿಗಿದು ಕಲ್ಲಿನ ಅಂಚಿಗೆ ಬಂದಿದ್ದರು. ಆಗ ತಲೆ ಮೇಲೆ ಬಂತು, ಬಾಯಿ ನೀರು ಉಗುಳಿತು, ಕೈಗಳು ಚಾಚಿದವು. ಅಂಜನಾ ಡಬ್ಬಿಯ ಕಡೆಗೆ ಈಜಿದಳು. ಅದನ್ನು ಹಿಡಿಯುತ್ತಾಳೆಂದು ಎಲ್ಲರೂ ಅಂದುಕೊಂಡರು. ಹತ್ತಿರ ಹೋಗಿ ಅಂಗೈಯಿಂದ ಅದರ ಬೆನ್ನಿಗೊಂದು ಪೆಟ್ಟು ಕೊಟ್ಟು, ಪಕ್ಕಕ್ಕೆ ತಳ್ಳಿ, ಆಚೆ ಗೋಡೆ ಮುಟ್ಟಿದಳು. ತಿರುಗಿದಳು. ಬರುವಾಗ ಮತ್ತೊಂದು ಪೆಟ್ಟು ಕೊಟ್ಟಳು.

ದಂಡೆಯ ಮೇಲೆ ಒಬ್ಬಾಕೆ ಹಾಡು ಎತ್ತಿದಳು, ಉಳಿದವರು ಸೇರಿದರು. ದಾನಮ್ಮನಿಗೆ ಹಾಡು ಬರುತ್ತಿರಲಿಲ್ಲ, ಚಪ್ಪಾಳೆ ಹಾಕಿದರು. ಗಿಡದ ಕೆಳಗೆ ಪರಮಾನಂದರು ಕಣ್ಣೊರೆಸಿಕೊಂಡು, ಸಿಡಿದ ನೀರು ಎಂದರು. ಅವರು ನಿಂತ ಜಾಗಕ್ಕೆ ನೀರು ಸಿಡಿದಿರಲಿಲ್ಲ. ಅಯ್ಯನವರು ಬಾವಿಗೆ ಬೆನ್ನು ಮಾಡಿಕೊಂಡೇ ಕೈ ಎತ್ತಿ, ಈ ಫಲವನ್ನು ಸ್ವೀಕರಿಸು ಎಂದು ಪ್ರಾರ್ಥಿಸಿದರು. ಅಣ್ಣಾಸಾಹೇಬರು ಆಳಿಗೆ ಹೇಳಿ ಎಲ್ಲರಿಗೂ ಕಬ್ಬಿನಹಾಲು ತರಿಸಿದರು. ನೀರು ಇಳಿದು ಪೇಚಾದದ್ದು ತಮ್ಮಿಂದ ಎಂದು ಅವರಿಗೆ ತಿಳಿದದ್ದು ಆಗಲೇ. ಪಾಪ, ಕಬ್ಬಿನಹಾಲಿನ ಲೋಟ ಹಿಡಿದು ತಾಯವ್ವನ ಮುಂದೆ ನಿಂತರು.

“ನೀವು ನೀರ ಇಳಿಸಿದ್ದು ಛಲೋ ಆತ್ರಿ ಸಾವಕಾರ್ರ,” ಎಂದರು ತಾಯವ್ವ. “ಇಲ್ಲಂದ್ರ ಡಬ್ಬಿ ಗುಟ್ಟ ಹೇಳದ ನಾ ಇನ್ನೊಂದ ವಾರ ಸುಮ್ಮನ ಇರತಿದ್ದೆ.”

ಅಂಜನಾ ಆ ಸಂಜೆ ತಾಯವ್ವನ ಜೊತೆ ಮಾತಾಡಲಿಲ್ಲ. ಸೋಮವಾರ ಬೆಳಗ್ಗೆ ಕಂಡಿಕೆಗೆ ಬಂದು ಪಕ್ಕದಲ್ಲಿ ಕೂತು ರಾಟಿ ತಿರುಗಿಸತೊಡಗಿದಳು. ನೂಲು ಹರಿದು ರಾಟಿ ನಿಂತಾಗ, ಎಳೆ ಕಟ್ಟುತ್ತ, ಮುಂದಿನ ಸಲ ಎರಡು ದಿನಕ್ಕೊಮ್ಮೆ ಅರ್ಧ ಚರಿಗೆ ಸಾಕು, ಒಂದು ಚರಿಗೆ ಬಹಳವಾಗುತ್ತದೆ ಎಂದಳು.

ಕಾಲುವೆಗೆ ಒಗೆಯಲು ಹೋಗುವ ಓಣಿಯ ಇನ್ನೂ ಕೆಲವು ಹೆಂಗಸರು ಈಜು ಕಲಿಯಲು ಹೆಸರು ಕೊಟ್ಟಿದ್ದಾರೆ. ಡಬ್ಬಿಯ ಗುಟ್ಟು ಅವರಿಗೂ ಗೊತ್ತು, ಯಾವ ದಿನ ಒಳಗೆ ಎಷ್ಟು ನೀರು ಎಂಬುದು ಮಾತ್ರ ಗೊತ್ತಾಗುವುದಿಲ್ಲ. ಬಾವಿಯಲ್ಲಿ ನೀರು ಏರಿ ಹಾಸುಗಲ್ಲು ಮುಳುಗಿದೆ. ಬುಧವಾರ ಪಾಠ ಶುರುವಾಗುತ್ತದೆ. ಫ್ಯೂಜ್ ಕೀಳುವವರು ತಾಯವ್ವ, ಡಬ್ಬಿ ಕಟ್ಟುವವಳು ಅಂಜನಾ.